ಒಂದು ರಸೀದಿ ಸಾಲದ್ದಕ್ಕೆ ವರ್ಷದ ಹಣವೆಲ್ಲ ವಾಪಸ್: ಡಚ್ ಭತ್ಯೆ ಹಗರಣವನ್ನು ಅರ್ಥ ಮಾಡಿಕೊಳ್ಳೋಣ

2021ರ ಜನವರಿ 15ರಂದು ನೆದರ್‌ಲ್ಯಾಂಡ್ಸ್‌ನ ಪ್ರಧಾನಿ ಮಾರ್ಕ್ ರುಟ್ಟೆ ತಮ್ಮ ಇಡೀ ಸಂಪುಟದ ರಾಜೀನಾಮೆ ಕೊಟ್ಟರು. ಯಾವ ಮಂತ್ರಿಯೂ ಲಂಚ ತಿಂದು ಸಿಕ್ಕಿಬಿದ್ದಿರಲಿಲ್ಲ. ಸಂಸತ್ತಿನ ಅವಿಶ್ವಾಸ ಮತಕ್ಕೆ ಸರ್ಕಾರ ಸೋತಿರಲಿಲ್ಲ. ಮಕ್ಕಳ ಡೇ ಕೇರ್ ಖರ್ಚಿಗೆ ಸರ್ಕಾರ ಕೊಡುವ ಭತ್ಯೆಯನ್ನು ತೆರಿಗೆ ಇಲಾಖೆಯ ಒಂದು ವಿಭಾಗ ಸಾವಿರಾರು ಮನೆಗಳಿಂದ ಅನ್ಯಾಯವಾಗಿ ವಾಪಸ್ ಕಿತ್ತುಕೊಂಡಿತ್ತು. ಅದಕ್ಕೆ ಸರ್ಕಾರ ಬಿತ್ತು.

ಇದರಲ್ಲಿ ನನ್ನನ್ನು ತುಂಬ ಕಾಡುವ ಸಂಗತಿ ಬೇರೆ. ಇಲ್ಲಿ ನಡೆದ ಹೆಚ್ಚಿನದೆಲ್ಲ ನಿಯಮದ ಹೆಸರಲ್ಲೇ ನಡೆಯಿತು. ನೋಟಿಸ್ ಬಂತು, ಅದರಲ್ಲಿ ಕಾನೂನಿನ ಕಲಂ ಇತ್ತು. ಮೇಲ್ಮನವಿಗೆ ಅವಕಾಶ ಇತ್ತು. ಕೋರ್ಟು ಇತ್ತು, ಸರ್ಕಾರಿ ಕಚೇರಿಗಳ ವಿರುದ್ಧ ಜನರ ದೂರು ವಿಚಾರಿಸುವ ಓಂಬುಡ್ಸ್‌ಮನ್ ಇದ್ದರು. ಆದರೂ ಜನ ಮನೆ ಮಾರಿಕೊಂಡರು, ಕೆಲಸ ಕಳೆದುಕೊಂಡರು, ಸಂಸಾರಗಳು ಒಡೆದವು.

ಪತ್ರಕರ್ತರು ಹಗರಣವನ್ನು ಬಯಲಿಗೆಳೆದರು, ಸರ್ಕಾರ ಬಿತ್ತು ಎಂದೇ ಸಾಮಾನ್ಯವಾಗಿ ಈ ಕಥೆ ಹೇಳುತ್ತಾರೆ. ಅದು ನಿಜವೇ. ಆದರೆ ಅಧಿಕಾರಿಗಳು ಅಷ್ಟು ಗಟ್ಟಿಯಾಗಿ ನಿಯಮ ಹಿಡಿದು ಕೂರುವ ವಾತಾವರಣ ಕಟ್ಟಿದ್ದರಲ್ಲೂ ಮಾಧ್ಯಮದ ಪಾಲಿತ್ತು. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಸರ್ಕಾರಿ ಇಲಾಖೆಯನ್ನು ಟೀಕಿಸುವುದು ಎಂದರೆ ಏನು ಅಂತ ಸರಿಯಾಗಿ ತಿಳಿಯುತ್ತದೆ.

ಭತ್ಯೆ ಸಿಗುವುದು ಹೇಗೆ

ನೆದರ್‌ಲ್ಯಾಂಡ್ಸ್‌ನಲ್ಲಿ ಡೇ ಕೇರ್ ಬಲು ದುಬಾರಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಅದು ದೊಡ್ಡ ಹೊರೆ. ಹಾಗಾಗಿ 2005ರಿಂದ ಸರ್ಕಾರ ಆ ಖರ್ಚಿನ ಒಂದು ಪಾಲನ್ನು ಭತ್ಯೆಯಾಗಿ ಕೊಡುತ್ತಿದೆ. ಆದಾಯ ಕಡಿಮೆ ಇದ್ದಷ್ಟೂ ಭತ್ಯೆ ಜಾಸ್ತಿ. ತೀರಾ ಕಡಿಮೆ ಆದಾಯದವರಿಗೆ ಖರ್ಚಿನ ಬಹುಪಾಲು ಸರ್ಕಾರದಿಂದಲೇ ಬರುತ್ತದೆ. ಉಳಿದ ಚೂರನ್ನು ಅಪ್ಪ ಅಮ್ಮ ಕೈಯಿಂದ ಕಟ್ಟಬೇಕು.

ಐಂಡ್‌ಹೋವನ್ ಸುತ್ತಮುತ್ತ ಚಿಪ್ ಯಂತ್ರದ ಉದ್ಯಮದಲ್ಲಿ ಕೆಲಸ ಮಾಡುವ ಭಾರತೀಯ ಎಂಜಿನಿಯರುಗಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಅವರಿಗೂ ಇದು ಗೊತ್ತಿರುವ ವಿಷಯವೇ.

ಈ ಭತ್ಯೆಯ ರಚನೆಯಲ್ಲೇ ಒಂದು ತೊಡಕಿದೆ. ಹಣ ಮೊದಲು ಬರುತ್ತದೆ, ಲೆಕ್ಕ ಆಮೇಲೆ. ಈ ವರ್ಷ ನಿಮ್ಮ ಆದಾಯ ಎಷ್ಟಾಗಬಹುದು, ಮಗು ಎಷ್ಟು ಗಂಟೆ ಡೇ ಕೇರ್‌ನಲ್ಲಿರುತ್ತದೆ ಎಂದು ನೀವೇ ಅಂದಾಜು ಕೊಡಬೇಕು. ಅದರ ಮೇಲೆ ತಿಂಗಳು ತಿಂಗಳು ಮುಂಗಡ ಬರುತ್ತದೆ. ವರ್ಷ ಮುಗಿದ ಮೇಲೆ ನಿಜವಾದ ಆದಾಯ, ನಿಜವಾದ ಗಂಟೆಗಳನ್ನು ತಾಳೆ ಹಾಕುತ್ತಾರೆ. ಸಂಬಳ ಏರಿದ್ದರೆ, ಮಗು ಕೆಲವು ವಾರ ಹೋಗದಿದ್ದರೆ ಒಂದಿಷ್ಟು ಹಣ ವಾಪಸ್ ಕೊಡಬೇಕು. ಅಂದರೆ ಪ್ರಾಮಾಣಿಕರ ಮನೆಗೂ ವಸೂಲಿ ಪತ್ರ ಬರುವುದು ಈ ವ್ಯವಸ್ಥೆಯಲ್ಲಿ ಮಾಮೂಲು.

ಇದರಿಂದ ಎರಡು ಪರಿಣಾಮ. ಮೋಸ ಮಾಡುವವನಿಗೆ ಸುಲಭ: ಮೊದಲು ಹಣ ತೆಗೆದುಕೊಂಡು ಪರಾರಿಯಾಗಬಹುದು. ಪ್ರಾಮಾಣಿಕನಿಗೆ ಅಪಾಯ: ಬಂದ ಹಣ ಡೇ ಕೇರ್‌ಗೆ ಹೋಗಿ ಖರ್ಚಾಗಿರುತ್ತದೆ. ಎರಡು ಮೂರು ವರ್ಷದ ನಂತರ "ಪೂರ್ತಿ ವಾಪಸ್ ಕೊಡಿ" ಎಂದರೆ ಕೈಯಲ್ಲಿ ಏನೂ ಇರುವುದಿಲ್ಲ.

ಎಲ್ಲ ಅಥವಾ ಏನೂ ಇಲ್ಲ

ಒಂದು ಲೆಕ್ಕ ಹಾಕಿ ನೋಡೋಣ. ಇದು ಅರ್ಥವಾಗಲಿ ಎಂದು ನಾನು ಮಾಡಿಕೊಂಡ ಲೆಕ್ಕ. ಒಂದು ಮನೆಯ ವರ್ಷದ ಡೇ ಕೇರ್ ಖರ್ಚು 12,000 ಯೂರೋ. ಸರ್ಕಾರ 11,000 ಕೊಟ್ಟಿದೆ. ಮನೆಯವರು 1,000 ಕಟ್ಟಬೇಕು. ತನಿಖೆಯ ದಿನ ಅವರ ಹತ್ತಿರ 900 ಯೂರೋಗೆ ಮಾತ್ರ ರಸೀದಿ ಇದೆ. 100 ಯೂರೋಗೆ ದಾಖಲೆ ಸಿಗುತ್ತಿಲ್ಲ.

ಎಷ್ಟು ವಾಪಸ್ ಕೇಳುವುದು ನ್ಯಾಯ? 100 ಯೂರೋ, ಇಲ್ಲವೇ ಅದಕ್ಕೆ ತಕ್ಕ ಭತ್ಯೆಯ ಪಾಲು. ಹೆಚ್ಚಿನವರು ಹೀಗೇ ಹೇಳಿಯಾರು, ಅಲ್ವಾ? ಇಲಾಖೆ ಕೇಳಿದ್ದು ಪೂರ್ತಿ 11,000. ಕೈಯಿಂದ ಕಟ್ಟಬೇಕಾದ ಪಾಲನ್ನು ಪೂರ್ತಿ ಕಟ್ಟಿದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ ಆ ವರ್ಷ ಭತ್ಯೆಗೆ ಅರ್ಹತೆಯೇ ಇಲ್ಲ ಎನ್ನುವುದು ಅದರ ವಾದ. ಫಾರ್ಮಿನಲ್ಲಿ ಸಹಿ ಬಿಟ್ಟುಹೋಗಿದ್ದರೂ, ಕರಾರುಪತ್ರದಲ್ಲಿ ಒಂದು ವಿವರ ಇಲ್ಲದಿದ್ದರೂ ಇದೇ ಗತಿ.

ಕಾನೂನಿನಲ್ಲಿ "ಪೂರ್ತಿ ವಸೂಲು ಮಾಡಲೇಬೇಕು" ಎಂದು ಅಷ್ಟು ಸ್ಪಷ್ಟವಾಗಿ ಬರೆದಿತ್ತೇ? ಇಲಾಖೆ ಹಾಗೆ ಓದಿಕೊಂಡಿತು. ಆಡಳಿತ ವ್ಯಾಜ್ಯಗಳಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾದ ರಾಜ್ಯ ಮಂಡಳಿ ವರ್ಷಗಟ್ಟಲೆ ಆ ಓದನ್ನೇ ಎತ್ತಿಹಿಡಿಯಿತು. 2019ರ ಅಕ್ಟೋಬರ್ 23ರಂದು ಅದೇ ಪೀಠ ತನ್ನ ನಿಲುವು ಬದಲಿಸಿತು. ಇಲಾಖೆ ಪ್ರಮಾಣ ನೋಡಿ ವಸೂಲು ಮಾಡಬಹುದು, ಮಾಡಬೇಕು ಎಂದಿತು. ಆ ದಿನಕ್ಕೂ ಮುಂಚಿನ ದಿನಕ್ಕೂ ನಡುವೆ ಕಾನೂನಿನ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಓದುವ ರೀತಿ ಬದಲಾಯಿತು, ಅಷ್ಟೆ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಅಷ್ಟು ವರ್ಷ ಅಷ್ಟು ಮನೆಗಳು ಅನುಭವಿಸಿದ್ದು ಅನಿವಾರ್ಯವೇನೂ ಆಗಿರಲಿಲ್ಲ ಎಂದಾಯಿತಲ್ಲ.

2013: ಟಿವಿಯಲ್ಲಿ ಬಸ್ಸು ಕಂಡಿತು

ನಿಯಮ ಮೊದಲೇ ಕಠಿಣವಾಗಿತ್ತು. ಅದನ್ನು ಬೇಟೆಯಾಗಿಸಿದ್ದು 2013.

ಆ ವರ್ಷದ ಏಪ್ರಿಲ್‌ನಲ್ಲಿ ಬ್ರಾಂಡ್‌ಪುಂಟ್ ಎಂಬ ಡಚ್ ಟಿವಿ ಕಾರ್ಯಕ್ರಮ ಒಂದು ವರದಿ ಪ್ರಸಾರ ಮಾಡಿತು. ಬಲ್ಗೇರಿಯಾದ ಹಳ್ಳಿಗಳಿಂದ ಜನರನ್ನು ಒಂದು ಜಾಲ ಬಸ್ಸಿನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಕರೆತರುತ್ತಿತ್ತು. ಅಲ್ಲೊಂದು ವಿಳಾಸದಲ್ಲಿ ಹೆಸರು ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆಸಿ, ಆರೋಗ್ಯ ವಿಮೆ ಮತ್ತು ಬಾಡಿಗೆಯ ಭತ್ಯೆಗೆ ಅರ್ಜಿ ಹಾಕಿಸುತ್ತಿತ್ತು. ಜನ ಊರಿಗೆ ವಾಪಸ್. ಹಣ ಜಾಲದ ಕೈಗೆ.

ವರದಿ ನಿಜವಾಗಿತ್ತು. ಮೋಸ ನಡೆದಿತ್ತು. ತೋರಿಸಿದ್ದು ತಪ್ಪೂ ಅಲ್ಲ. ಆದರೆ ಮುಂದೆ ಆದದ್ದನ್ನು ಗಮನಿಸಿ. ಪತ್ರಿಕೆ, ಟಿವಿ, ಸಂಸತ್ತು ಎಲ್ಲ ಕಡೆ ಒಂದೇ ಕೂಗು: ನಮ್ಮ ತೆರಿಗೆ ಹಣ ಸೋರುತ್ತಿದೆ, ಇಲಾಖೆ ಮಲಗಿದೆ. ಆಗಿನ ಹಣಕಾಸು ಕಿರಿಯ ಸಚಿವ ಫ್ರಾನ್ಸ್ ವೇಕರ್ಸ್ ಅವಿಶ್ವಾಸ ಗೊತ್ತುವಳಿ ಎದುರಿಸಬೇಕಾಯಿತು. ಬಲಪಂಥೀಯರು, ಎಡಪಂಥೀಯರು ಎನ್ನದೆ ಸಂಸದರು ಇನ್ನೂ ಬಿಗಿ ಮಾಡಿ ಎಂದರು. ಪ್ರಧಾನಿ ರುಟ್ಟೆ ಅವರ ಅಧ್ಯಕ್ಷತೆಯಲ್ಲೇ ವಂಚನೆ ತಡೆಗೆ ಸಚಿವರ ಸಮಿತಿ ಬಂತು. ವಂಚನೆ ಪತ್ತೆಗೆ ಹಾಕಿದ ದುಡ್ಡು ವಸೂಲಾತಿಯಿಂದಲೇ ಹುಟ್ಟಬೇಕು ಎಂಬ ಲೆಕ್ಕಾಚಾರವೂ ಬಂತು. ಪತ್ತೆ ತಂಡ ತನ್ನ ಖರ್ಚನ್ನು ತಾನೇ ದುಡಿಯಬೇಕು ಎಂದಮೇಲೆ ಆ ತಂಡದ ಕಣ್ಣಿಗೆ ಎಲ್ಲರೂ ವಂಚಕರಂತೆ ಕಾಣುವುದು ಶುರುವಾಗುತ್ತದೆ.

ಬಲ್ಗೇರಿಯಾ ಪ್ರಕರಣ ಮುಖ್ಯವಾಗಿ ಆರೋಗ್ಯ ಮತ್ತು ಬಾಡಿಗೆ ಭತ್ಯೆಯದು. ಏಟು ಜೋರಾಗಿ ಬಿದ್ದದ್ದು ಡೇ ಕೇರ್ ಭತ್ಯೆ ಪಡೆಯುವವರ ಮೇಲೆ. ಜಾಲದವರು ಊರು ಬಿಟ್ಟಾಗಿತ್ತು. ಕೈಗೆ ಸಿಗುವವರು ಯಾರು? ಇಲ್ಲೇ ಮನೆ ಇರುವವರು, ಇಲ್ಲೇ ಕೆಲಸಕ್ಕೆ ಹೋಗುವವರು, ಫಾರ್ಮು ತುಂಬುವವರು. ಮಾಧ್ಯಮ ಒಬ್ಬ ಕಳ್ಳನನ್ನು ತೋರಿಸಿ ಇಲಾಖೆಯನ್ನು ಬೈದಾಗ, ಇಲಾಖೆ ಆ ಬೈಗುಳದಿಂದ ತಪ್ಪಿಸಿಕೊಳ್ಳಲು ಹುಡುಕುವ ದಾರಿ ಬಹಳ ಸಲ ಇಂಥ ಕೈಗೆಟುಕುವವರ ಕಡೆಗೇ ಹೋಗುತ್ತದೆ.

ಐಂಡ್‌ಹೋವನ್‌ನಲ್ಲಿ ನಡೆದದ್ದು

2013ರಲ್ಲೇ ತೆರಿಗೆ ಇಲಾಖೆಯಲ್ಲಿ ಒಂದು ವಿಶೇಷ ತಂಡ ಹುಟ್ಟಿತು. ಮೋಸಕ್ಕೆ ನೆರವಾಗುವ ಮಧ್ಯವರ್ತಿಗಳನ್ನು ಹಿಡಿಯುವುದು ಅದರ ಕೆಲಸ. ಸಣ್ಣ ಮಕ್ಕಳನ್ನು ತಮ್ಮ ಮನೆಯಲ್ಲೇ ನೋಡಿಕೊಳ್ಳುವವರನ್ನು ಅಪ್ಪ ಅಮ್ಮಂದಿರಿಗೆ ಹುಡುಕಿಕೊಡುವ ಏಜೆನ್ಸಿಗಳು ಅಲ್ಲಿವೆ. ಅಂಥ ಏಜೆನ್ಸಿಯ ಮೇಲೆ ಅನುಮಾನ ಬಂದರೆ ಅದರ ಮೂಲಕ ಬಂದ ಎಲ್ಲ ಮನೆಗಳನ್ನೂ ಒಂದೇ ಗುಂಪಾಗಿ ನೋಡುತ್ತಿದ್ದರು.

2014ರಲ್ಲಿ ಐಂಡ್‌ಹೋವನ್‌ನ ಒಂದು ಏಜೆನ್ಸಿ ಈ ತಂಡದ ಕಣ್ಣಿಗೆ ಬಿತ್ತು. ಅದರ ಜೊತೆಗಿದ್ದ ಸುಮಾರು 300 ಪೋಷಕರ ಭತ್ಯೆ ನಿಂತಿತು. ಒಬ್ಬೊಬ್ಬರನ್ನೂ ವಿಚಾರಿಸಿ, ದಾಖಲೆ ನೋಡಿ, ಆಮೇಲೆ ನಿಲ್ಲಿಸಿದ್ದಲ್ಲ. ಮೊದಲು ನಿಲ್ಲಿಸಿದರು, ದಾಖಲೆ ಆಮೇಲೆ ಕೇಳಿದರು. ಅವರಲ್ಲಿ ಹೆಚ್ಚಿನವರು ವಲಸೆ ಹಿನ್ನೆಲೆಯ ಮನೆಯವರು.

ಈ ಕೆಲಸದ ಹಿಂದಿದ್ದ ಊಹೆಗೆ ಒಂದು ಅಂಕಿ ಇತ್ತು: 80/20. ಗುಂಪಿನಲ್ಲಿ ನೂರಕ್ಕೆ ಎಂಬತ್ತು ಮಂದಿ ತಪ್ಪಿತಸ್ಥರು, ಇಪ್ಪತ್ತು ಮಂದಿ ನಿರಪರಾಧಿಗಳು. ಆ ಇಪ್ಪತ್ತು ಮಂದಿ ತಮ್ಮನ್ನು ತಾವೇ ಬಿಡಿಸಿಕೊಳ್ಳಬೇಕು. ಈ ಎಂಬತ್ತಕ್ಕೆ ಆಧಾರವಾಗಿ ಯಾವ ಅಧ್ಯಯನವೂ ಇರಲಿಲ್ಲ.

ಬಿಡಿಸಿಕೊಳ್ಳುವುದು ಹೇಗೆ? ಕಾಗದ ಕಳಿಸಿ. ಯಾವ ಕಾಗದ ಕಮ್ಮಿಯಾಗಿದೆ ಎಂದು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಕಳಿಸಿದ್ದಕ್ಕೆ ಉತ್ತರ ಬರುತ್ತಿರಲಿಲ್ಲ. ಆಕ್ಷೇಪಣೆ ಸಲ್ಲಿಸಿದರೆ ಕಾನೂನು ಹೇಳಿದ ಗಡುವು ದಾಟಿ ಎಷ್ಟೋ ಕಾಲ ಫೈಲು ಅಲ್ಲೇ ಕೂರುತ್ತಿತ್ತು. ಭತ್ಯೆ ನಿಂತ ತಿಂಗಳಿಂದಲೇ ಡೇ ಕೇರ್ ಬಿಲ್ ಮಾತ್ರ ಪೂರ್ತಿ ಬರುತ್ತಿತ್ತು. ಕಟ್ಟಲಾಗದೆ ಮಗುವನ್ನು ಬಿಡಿಸಿದರೆ ಅಮ್ಮ ಕೆಲಸ ಬಿಡಬೇಕು. ಅಮ್ಮ ಕೆಲಸ ಬಿಟ್ಟರೆ ಭತ್ಯೆಗೆ ಅರ್ಹತೆಯೇ ಹೋಯಿತು.

ಇದರ ಮೇಲೆ ಇನ್ನೊಂದು ಮುದ್ರೆ. "ಬೇಕೆಂದೇ ಮಾಡಿದ್ದಾರೆ, ಇಲ್ಲವೇ ಘೋರ ಅಲಕ್ಷ್ಯ ತೋರಿದ್ದಾರೆ" ಎಂದು ಇಲಾಖೆ ಒಂದು ಗುರುತು ಹಾಕಿದರೆ ಆ ಮನೆಗೆ ಆದಾಯಕ್ಕೆ ತಕ್ಕ ಕಂತಿನ ಸೌಲಭ್ಯ ಇಲ್ಲ. ಸಾಲ ಪರಿಹಾರ ಯೋಜನೆಗೂ ಬಾಗಿಲು ಬಂದ್. ಹತ್ತಾರು ಸಾವಿರ ಯೂರೋ ಬಾಕಿ, ಕಂತು ಇಲ್ಲ, ಮುಂದಿನ ಭತ್ಯೆಗಳಲ್ಲೂ ಕಡಿತ, ಸಂಬಳದಲ್ಲೂ ಜಪ್ತಿ. ಒಂದು ಮನೆ ಕುಸಿಯುವುದಕ್ಕೆ ಇನ್ನೇನು ಬೇಕು?

ರಾಷ್ಟ್ರೀಯತೆಯ ವಿಷಯ ಇನ್ನೊಂದು ಪದರ. ಯಾವ ಅರ್ಜಿಯನ್ನು ಜಾಸ್ತಿ ಪರೀಕ್ಷಿಸಬೇಕು ಎಂದು ಆಯುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅರ್ಜಿದಾರರು ಡಚ್ ಪ್ರಜೆಯೇ ಅಲ್ಲವೇ ಎನ್ನುವುದೂ ಒಂದು ಅಂಶವಾಗಿತ್ತು. ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ 2020ರ ಜುಲೈನಲ್ಲಿ ಇದನ್ನು ಕಾನೂನುಬಾಹಿರ, ತಾರತಮ್ಯ ಎಂದು ಹೇಳಿತು. ಇಟ್ಟುಕೊಳ್ಳಬಾರದಿದ್ದ ಎರಡನೇ ಪೌರತ್ವದ ಮಾಹಿತಿ 2018ರ ಮೇ ತಿಂಗಳಲ್ಲೂ 14 ಲಕ್ಷ ಜನರದ್ದು ಇಲಾಖೆಯಲ್ಲಿತ್ತು ಎಂದಿತು. 2021ರ ಡಿಸೆಂಬರ್‌ನಲ್ಲಿ 27.5 ಲಕ್ಷ ಯೂರೋ ದಂಡ ಹಾಕಿತು.

ತಡೆಯಬೇಕಾದವರು ಎಲ್ಲಿದ್ದರು

ಇಲ್ಲಿ ಮೂರು ಜನರನ್ನು ನೆನೆಯಬೇಕು.

ಮೊದಲನೆಯವರು ಎವಾ ಗೊಂಜಾಲೆಜ್ ಪೆರೆಜ್, ವಕೀಲೆ. ಆ ಐಂಡ್‌ಹೋವನ್ ಏಜೆನ್ಸಿ ನಡೆಸುತ್ತಿದ್ದವರು ಅವರ ಪತಿ. ಒಂದೇ ಬಗೆಯ ಪತ್ರಗಳು ಮನೆಯಿಂದ ಮನೆಗೆ ಬರುತ್ತಿರುವುದನ್ನು ಅವರು 2014ರಲ್ಲೇ ಕಂಡರು. ಒಬ್ಬೊಬ್ಬರ ಪರ ಕೇಸು ಹಾಕಿದರು. ಇಲಾಖೆ ಕೋರ್ಟಿಗೆ ಕೊಡಬೇಕಾದ ದಾಖಲೆಗಳನ್ನು ಪೂರ್ತಿ ಕೊಡುತ್ತಿರಲಿಲ್ಲ ಎಂದು ಪಟ್ಟು ಹಿಡಿದರು. ಮುಂದೆ ಹೊರಬಂದದ್ದರಲ್ಲಿ ಬಹಳಷ್ಟರ ತಳಪಾಯ ಅವರ ಕಡತಗಳೇ.

ಎರಡನೆಯದು ರಾಷ್ಟ್ರೀಯ ಓಂಬುಡ್ಸ್‌ಮನ್ ಕಚೇರಿ. 2017ರ ಆಗಸ್ಟ್‌ನಲ್ಲಿ ಅದು 232 ಕುಟುಂಬಗಳ ಬಗ್ಗೆ ವರದಿ ಕೊಟ್ಟಿತು. ಇಲಾಖೆ ಅಳತೆ ಮೀರಿ ಕಠಿಣವಾಗಿ ನಡೆದುಕೊಂಡಿದೆ, ಪರಿಹಾರ ಕೊಡಬೇಕು ಎಂದಿತು. ಆ ವರದಿ ಪ್ರಕಟವಾಯಿತು, ಯಾರು ಬೇಕಾದರೂ ಓದಬಹುದಿತ್ತು. ದೇಶ ಅಲುಗಾಡಲಿಲ್ಲ.

ಮೂರನೆಯವರು ಇಲಾಖೆಯೊಳಗಿನವರೇ ಆದ ಕಾನೂನು ಸಲಹೆಗಾರ್ತಿ ಸಾಂಡ್ರಾ ಪಾಲ್ಮೆನ್. 2017ರ ಮಾರ್ಚ್‌ನಲ್ಲಿ, ಅಂದರೆ ಓಂಬುಡ್ಸ್‌ಮನ್ ವರದಿಗೂ ಮೊದಲೇ, ಅವರು ಒಂದು ಟಿಪ್ಪಣಿ ಬರೆದರು. ಈ ಪ್ರಕರಣದಲ್ಲಿ ನಾವು ತಪ್ಪು ಮಾಡಿದ್ದೇವೆ, ಪೋಷಕರಿಗೆ ಪರಿಹಾರ ಕೊಡಬೇಕು ಎನ್ನುವುದು ಅದರ ಸಾರ. ಟಿಪ್ಪಣಿ ಮೂಲೆ ಸೇರಿತು. ಸಂಸತ್ತಿನ ಕೈಗೆ ಅದು ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ.

ಅಂದರೆ 2017ರ ಹೊತ್ತಿಗೆ ಇಲಾಖೆಗೂ ಗೊತ್ತಿತ್ತು, ಓಂಬುಡ್ಸ್‌ಮನ್ನರಿಗೂ ಗೊತ್ತಿತ್ತು, ಕೋರ್ಟಿನ ಮುಂದೆಯೂ ಕೇಸುಗಳಿದ್ದವು. ಗೊತ್ತಿದ್ದರೂ ಯಾರಿಗೂ ಇದನ್ನು ನಿಲ್ಲಿಸಬೇಕು ಎನಿಸುವಷ್ಟು ಒತ್ತಡ ಇರಲಿಲ್ಲ. ಅಧಿಕಾರಿ "ನಾನು ನಿಯಮ ಪಾಲಿಸಿದೆ" ಎನ್ನುತ್ತಿದ್ದರು. ನ್ಯಾಯಾಧೀಶರು "ಶಾಸನ ಹೀಗೇ ಹೇಳುತ್ತದೆ" ಎನ್ನುತ್ತಿದ್ದರು. ಶಾಸನ ಮಾಡಿದ ಸಂಸದರು "ಇಲಾಖೆ ನೋಡಿಕೊಳ್ಳುತ್ತದೆ" ಎಂದುಕೊಂಡಿದ್ದರು.

ಇಬ್ಬರು ವರದಿಗಾರರು, ಇಬ್ಬರು ಸಂಸದರು

2018ರ ಸೆಪ್ಟೆಂಬರ್‌ನಿಂದ ಟ್ರೌ ಪತ್ರಿಕೆಯ ಯಾನ್ ಕ್ಲೈನ್‌ನೈಯೆನ್‌ಹೌಸ್ ಮತ್ತು ಆರ್‌ಟಿಎಲ್ ಸುದ್ದಿವಾಹಿನಿಯ ಪೀಟರ್ ಕ್ಲೈನ್ ಇದರ ಬೆನ್ನು ಹತ್ತಿದರು. ಎರಡು ಬೇರೆ ಬೇರೆ ಸಂಸ್ಥೆಗಳು, ಒಂದೇ ವಿಷಯ. ಒಬ್ಬರ ವರದಿಯ ಮೇಲೆ ಇನ್ನೊಬ್ಬರು ಕಟ್ಟುತ್ತಾ ಹೋದರು.

ಅವರ ಕೆಲಸದ ರೀತಿ ಗಮನಿಸಬೇಕು. ಅಳುವ ತಾಯಿಯ ಮುಖವನ್ನು ತೋರಿಸಿ ಅವರು ಸುಮ್ಮನಾಗಲಿಲ್ಲ. ಒಂದು ಆಂತರಿಕ ಸೂಚನಾಪತ್ರ, ಒಂದು ಸಭೆಯ ನಡಾವಳಿ, ಕೋರ್ಟಿಗೆ ಕೊಡದೆ ಬಚ್ಚಿಟ್ಟ ಒಂದು ಪುಟ, ಹೀಗೆ ನೀರಸ ಕಾಗದಗಳ ಹಿಂದೆ ಬಿದ್ದರು. ಯಾವ ನಿಯಮದ ಅಡಿಯಲ್ಲಿ? ಆ ನಿಯಮವನ್ನು ಯಾರು, ಯಾವಾಗ ಹಾಗೆ ಓದಿದರು? ಸಾಬೀತು ಮಾಡಬೇಕಾದವರು ಯಾರು? ಸಚಿವರಿಗೆ ತಿಳಿಸಿದ್ದು ಯಾವ ದಿನ? ಇಂಥ ಪ್ರಶ್ನೆಗಳಿಗೆ ಉತ್ತರ ಸಿಗಲು ತಿಂಗಳುಗಳು ಬೇಕು. ಓದುಗರಿಗೆ ಅದು ಥಟ್ಟನೆ ರುಚಿಸುವ ಸುದ್ದಿಯೂ ಅಲ್ಲ. ಒಂದು ಸಂಪಾದಕೀಯ ಬಳಗ ಇಷ್ಟು ಕಾಲ ಇದಕ್ಕೆ ಜಾಗ ಕೊಟ್ಟಿತಲ್ಲ, ಅದು ದೊಡ್ಡ ಮಾತು.

ಸಂಸತ್ತಿನಲ್ಲಿ ಇದನ್ನು ಹಿಡಿದವರು ಪೀಟರ್ ಒಮ್ಟ್‌ಜಿಖ್ಟ್ ಮತ್ತು ರೆನ್ಸ್ಕೆ ಲೈಟೆನ್. ಲೈಟೆನ್ ವಿರೋಧ ಪಕ್ಷದ ಸಮಾಜವಾದಿ. ಒಮ್ಟ್‌ಜಿಖ್ಟ್ ಆಳುವ ಮೈತ್ರಿಕೂಟದ ಪಕ್ಷದವರು. ತಮ್ಮದೇ ಸರ್ಕಾರವನ್ನು ಅವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಪತ್ರಿಕೆಯಲ್ಲಿ ಬಂದದ್ದು ಮರುದಿನ ಸದನದ ಪ್ರಶ್ನೆಯಾಗುತ್ತಿತ್ತು. ಸದನಕ್ಕೆ ಬಂದ ಉತ್ತರದಲ್ಲಿನ ತೂತು ಮತ್ತೆ ಪತ್ರಿಕೆಯ ಸುದ್ದಿಯಾಗುತ್ತಿತ್ತು. ಪತ್ರಿಕೆಯೊಂದರಿಂದಲೇ ಈ ಕೆಲಸ ಆಗುತ್ತಿತ್ತು ಎಂದು ನನಗನ್ನಿಸುವುದಿಲ್ಲ. ಉತ್ತರ ಕೊಡಲೇಬೇಕಾದ ಕಡೆಯಲ್ಲಿ ಆ ಪ್ರಶ್ನೆಗಳನ್ನು ಕೇಳುವವರು ಇದ್ದದ್ದರಿಂದ ಆಯಿತು.

2019ರ ಡಿಸೆಂಬರ್‌ನಲ್ಲಿ ಪೋಷಕರಿಗೆ ತಮ್ಮ ಫೈಲುಗಳು ಸಿಕ್ಕವು. ತೆರೆದು ನೋಡಿದರೆ ಪುಟದ ಮೇಲೆ ಪುಟ ಕಪ್ಪು ಬಳಿದಿತ್ತು. ತಮ್ಮ ಬಗ್ಗೆಯೇ ಸರ್ಕಾರ ಬರೆದದ್ದನ್ನು ಓದಲು ಅವರಿಗೆ ಬಿಡಲಿಲ್ಲ. ಆ ಕಪ್ಪು ಪುಟಗಳ ಚಿತ್ರ ದೇಶವೆಲ್ಲ ನೋಡಿತು. ಅದೇ ತಿಂಗಳು ಕಿರಿಯ ಸಚಿವ ಮೆನ್ನೋ ಸ್ನೆಲ್ ರಾಜೀನಾಮೆ ಕೊಟ್ಟರು. ಅನುಮಾನಿತರೆಂದು ಇಲಾಖೆ ಇಟ್ಟುಕೊಂಡಿದ್ದ ಸುಮಾರು 2.7 ಲಕ್ಷ ಹೆಸರುಗಳ ಇನ್ನೊಂದು ಪಟ್ಟಿಯೂ ಬೆಳಕಿಗೆ ಬಂತು. 2020ರ ಫೆಬ್ರವರಿಯಲ್ಲಿ ಅದನ್ನು ಮುಚ್ಚಬೇಕಾಯಿತು.

2020ರ ನವೆಂಬರ್‌ನಲ್ಲಿ ಸಂಸದೀಯ ಸಮಿತಿ ಮಂತ್ರಿಗಳನ್ನು, ಅಧಿಕಾರಿಗಳನ್ನು ಪ್ರಮಾಣ ಮಾಡಿಸಿ ಬಹಿರಂಗವಾಗಿ ವಿಚಾರಿಸಿತು. ಡಿಸೆಂಬರ್ 17ರಂದು ವರದಿ ಬಂತು. ಹಿಂದೆಂದೂ ಕಾಣದ ಅನ್ಯಾಯ ನಡೆದಿದೆ, ಕಾನೂನಿನ ಆಳ್ವಿಕೆಯ ಮೂಲ ತತ್ವಗಳನ್ನೇ ಮುರಿಯಲಾಗಿದೆ ಎಂದಿತು. ಹೊಣೆಯನ್ನು ಇಲಾಖೆಯ ಮೇಲೆ ಮಾತ್ರ ಹೊರಿಸಲಿಲ್ಲ. ಸಂಪುಟ, ಶಾಸನ ಮಾಡಿದ ಸಂಸತ್ತು, ನ್ಯಾಯಾಂಗ ಮೂರನ್ನೂ ಹೆಸರಿಸಿತು. ತಿಂಗಳೊಳಗೆ ಸರ್ಕಾರ ಬಿತ್ತು.

ಎರಡು ತಿಂಗಳಿಗೆ ಚುನಾವಣೆ. ರುಟ್ಟೆ ಅವರ ಪಕ್ಷವೇ ಅತಿ ಹೆಚ್ಚು ಸೀಟು ಗೆದ್ದಿತು, ಅವರೇ ಮತ್ತೆ ಪ್ರಧಾನಿಯಾದರು.

ಹಗರಣದ ವರದಿಯನ್ನೂ ಎಚ್ಚರದಿಂದ ಓದಬೇಕು

ಹೊರದೇಶಗಳಲ್ಲಿ ಈ ಪ್ರಕರಣ "ಅಲ್ಗಾರಿದಮ್ ಮಾಡಿದ ಅನ್ಯಾಯ" ಎಂದೇ ಹೆಸರಾಯಿತು. ಅದು ಪೂರ್ತಿ ಸರಿಯಲ್ಲ. ಕಂಪ್ಯೂಟರ್ ಆಯ್ಕೆಯ ವ್ಯವಸ್ಥೆ ಇತ್ತು, ಅದರಲ್ಲಿ ತಾರತಮ್ಯವೂ ಇತ್ತು. ಆದರೆ ಐಂಡ್‌ಹೋವನ್‌ನ ಪೋಷಕರನ್ನು ಒಂದೇ ಬುಟ್ಟಿಗೆ ಹಾಕಿದ್ದು ಮನುಷ್ಯರ ತಂಡ. ಪೂರ್ತಿ ಹಣ ವಸೂಲು ಮಾಡಬೇಕೆಂದು ಓದಿದ್ದು ಮನುಷ್ಯರು. ಪಾಲ್ಮೆನ್ ಟಿಪ್ಪಣಿಯನ್ನು ಬದಿಗಿಟ್ಟವರೂ ಮನುಷ್ಯರೇ. ಯಂತ್ರದ ಮೇಲೆ ಎಲ್ಲ ಹಾಕಿದರೆ ಇವರೆಲ್ಲರೂ ಕಥೆಯಿಂದ ಜಾರಿಕೊಳ್ಳುತ್ತಾರೆ.

ಇನ್ನೊಂದು ಉದಾಹರಣೆ ಹೆಚ್ಚು ನೋವಿನದು. ಸಂತ್ರಸ್ತ ಮನೆಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆ ವರ್ಷಗಳಲ್ಲಿ ಅಪ್ಪ ಅಮ್ಮನಿಂದ ಬೇರೆಯಾಗಿ ಇರಿಸಲಾಗಿತ್ತು ಎಂದು ಡಚ್ ಅಂಕಿಅಂಶ ಕಚೇರಿ 2021ರಲ್ಲಿ ಹೇಳಿತು. ಎಷ್ಟೋ ಕಡೆ ಇದು "ಭತ್ಯೆ ಹಗರಣದಿಂದ ಇಷ್ಟು ಮಕ್ಕಳು ಮನೆ ಕಳೆದುಕೊಂಡರು" ಎಂದು ಚಾಲ್ತಿಗೆ ಬಂತು. ಆ ಅಂಕಿ ಹೇಳುವುದು ಅಷ್ಟಲ್ಲ. ಆ ಮನೆಗಳ ಮಕ್ಕಳಿಗೆ ಹೀಗಾಯಿತು ಎನ್ನುತ್ತದೆ. ಪ್ರತಿಯೊಂದಕ್ಕೂ ಭತ್ಯೆಯ ಸಾಲವೇ ಕಾರಣ ಎನ್ನುವುದಿಲ್ಲ. ಸಾಲ ಮನೆಯನ್ನು ಎಷ್ಟು ಹಾಳುಮಾಡುತ್ತದೆ ಎಂದು ತಿಳಿದವರಿಗೆ ಸಂಬಂಧ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಆದರೂ ಇಲಾಖೆಯಿಂದ ನಾವು ಕೇಳುವ ನಿಖರತೆಯನ್ನು ವರದಿಗಾರರಿಂದಲೂ ಕೇಳಬೇಕು. ಸಣ್ಣ ಉತ್ಪ್ರೇಕ್ಷೆ ಸಿಕ್ಕರೂ ಸಾಕು, ಇಲಾಖೆ ಅದನ್ನೇ ಹಿಡಿದು ಇಡೀ ವರದಿಯನ್ನು ತಳ್ಳಿಹಾಕುತ್ತದೆ.

ನಮ್ಮ ಕಡೆಯ ಒಂದು ಬೇಸಿಗೆ ದಾಟಿದ ಜುಲೈ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿನ ಮೇಲೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ಎಲ್ಲ ಕಡೆ ಓಡಾಡಿತು. ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಇಲ್ಲ, ನಗದು ಮಾತ್ರ ಎಂಬ ಬೋರ್ಡು ಬಿದ್ದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಕೊಳ್ಳಬೇಕು ಎಂದರು.

ಡಚ್ ಪ್ರಕರಣದ ಪಕ್ಕದಲ್ಲಿ ಇದನ್ನು ಇಡಲು ನನಗೆ ಹಿಂಜರಿಕೆ ಇದೆ. ಇಲ್ಲಿ ಕೆಲವೇ ದಿನಗಳಲ್ಲಿ ಸರ್ಕಾರ ಮಣಿಯಿತು. ಅಲ್ಲಿ ವರ್ಷಗಟ್ಟಲೆ ಮನೆಗಳು ಮುಳುಗಿದವು. ಎರಡರ ತೂಕ ಒಂದೇ ಅಲ್ಲ. ಆದರೆ ಒಂದು ಕೊಂಡಿ ಇದೆ. ದತ್ತಾಂಶ ನೋಡಿ ಮೊದಲು ಅನುಮಾನ, ಆಮೇಲೆ "ಹಾಗಲ್ಲ ಎಂದು ನೀವು ತೋರಿಸಿ" ಎಂಬ ಪತ್ರ. ಬಿಡಿ ತರಕಾರಿಗೆ ಜಿಎಸ್‌ಟಿ ಇಲ್ಲ. ಬರೀ ತರಕಾರಿ ಮಾರುವವರು ನೋಂದಣಿ ಮಾಡಿಕೊಳ್ಳಬೇಕಾಗಿಯೂ ಇಲ್ಲ. ಯುಪಿಐ ಖಾತೆಗೆ ಬಂದ ಹಣದಲ್ಲಿ ಎಷ್ಟು ತರಕಾರಿಯದು, ಎಷ್ಟು ಕೈಸಾಲದ್ದು, ಎಷ್ಟು ನೆಂಟರು ಹಾಕಿದ್ದು ಎನ್ನುವುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಈ ನೋಟಿಸ್ ಅಂತಿಮ ಆದೇಶವಲ್ಲ, ವಿವರಣೆ ಕೇಳಿದ್ದಷ್ಟೆ ಎಂದು ಇಲಾಖೆ ಹೇಳಿತು. ಅದೂ ನಿಜವೇ. ಆದರೆ ಲೆಕ್ಕಪುಸ್ತಕ ಇಡದ ಸಣ್ಣ ವ್ಯಾಪಾರಿಯ ಕೈಗೆ 29 ಲಕ್ಷ ಎಂದು ಬರೆದ ಕಾಗದ ಬಂದರೆ ಅವರಿಗೆ ಆ ವ್ಯತ್ಯಾಸ ತಿಳಿಯುವುದು ಹೇಗೆ?

ಆ ವಾರ ನಮ್ಮ ಮಾಧ್ಯಮಗಳು ಗದ್ದಲ ಎಬ್ಬಿಸಿದ್ದರಿಂದ ಒಳ್ಳೆಯದಾಯಿತು. ಆಮೇಲೆ ಸುದ್ದಿ ತಣ್ಣಗಾಯಿತು. ಜಿಎಸ್‌ಟಿ ನೋಂದಣಿಗೆ ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಾರ್ಷಿಕ ವಹಿವಾಟಿನ ಮಿತಿ ಇದೆ. ಹಾಲು, ತರಕಾರಿಯ ಜೊತೆ ಬಿಸ್ಕತ್ತನ್ನೂ ಮಾರುವ ಅಂಗಡಿಯಲ್ಲಿ ತೆರಿಗೆ ಇಲ್ಲದ ಹಾಲಿನ ಮಾರಾಟವೂ ಆ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಅಂಗಡಿಯವರಿಗೆ ಬೇಕಾದದ್ದು ಈ ವಿವರ. ಹಾಗೆಯೇ ಇನ್ನೂ ಒಂದು ಪ್ರಶ್ನೆ ಕೇಳುವವರು ಬೇಕಾಗಿತ್ತು: ನೋಟಿಸ್ ಕಳಿಸುವ ಮುಂಚೆ ಅಂಗಡಿಯಲ್ಲಿ ಏನು ಮಾರುತ್ತಾರೆ ಎಂದು ನೋಡುವ ಕರ್ತವ್ಯ ಯಾರದು? ಟ್ರೌ ಮತ್ತು ಆರ್‌ಟಿಎಲ್ ಮಾಡಿದ್ದು ಆ ಎರಡನೇ ಬಗೆಯ ಕೆಲಸ. ಅದಕ್ಕೆ ಗದ್ದಲ ಮುಗಿದ ಮೇಲೂ ಕೂತು ಕಾಗದ ಓದುವ ತಾಳ್ಮೆ ಬೇಕು.

ಈಗ ಎಲ್ಲಿದೆ

2020ರ ಜುಲೈನಲ್ಲಿ ಡಚ್ ಕಾನೂನಿಗೆ ತಿದ್ದುಪಡಿ ಬಂತು. ನಿಯಮದಿಂದ ಯಾರಿಗಾದರೂ ವಿಪರೀತ ಕಷ್ಟವಾದರೆ ಅಧಿಕಾರಿ ಅದರಿಂದ ಸರಿಯಬಹುದು ಎಂಬ ಕಲಂ ಸೇರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂತ್ರಸ್ತರಿಗೆ ಮೊದಲ ಪರಿಹಾರವಾಗಿ 30,000 ಯೂರೋ ಘೋಷಣೆಯಾಯಿತು. ಆಗ ಸುಮಾರು 26,000 ಪೋಷಕರು ಎಂದು ಅಂದಾಜಿತ್ತು. ಈಗ ಸಂತ್ರಸ್ತರೆಂದು ಒಪ್ಪಿಕೊಂಡವರ ಸಂಖ್ಯೆ 40,000 ದಾಟಿದೆ. ಭತ್ಯೆಯ ಕೆಲಸ ತೆರಿಗೆ ಇಲಾಖೆಯಿಂದ ಬೇರೆಯಾಗಿ ಪ್ರತ್ಯೇಕ ಕಚೇರಿಗೆ ಹೋಗಿದೆ. ಹಣವನ್ನು ಪೋಷಕರ ಖಾತೆಗೆ ಹಾಕದೆ ನೇರವಾಗಿ ಡೇ ಕೇರ್‌ಗೇ ಕೊಡುವ ಯೋಜನೆ 2021ರ ಕೊನೆಯಲ್ಲಿ ಮಾತಾಗಿತ್ತು. ಅದು ಮುಂದಕ್ಕೆ ಹೋಗುತ್ತಲೇ ಇದೆ. ಅದು ಜಾರಿಯಾಗುವವರೆಗೆ ಮೊದಲು ಹಣ, ಆಮೇಲೆ ಲೆಕ್ಕ ಎಂಬ ತೊಡಕು ಹಾಗೇ ಇರುತ್ತದೆ.

ಪರಿಹಾರದ ಕೆಲಸವೇ ಒಂದು ದೊಡ್ಡ ಕಚೇರಿಯಾಗಿ ಬೆಳೆದಿದೆ. ಅಲ್ಲೂ ಸರತಿ ಇದೆ, ಫಾರ್ಮು ಇದೆ. ಆಗ ಎಷ್ಟು ನಷ್ಟವಾಯಿತು ಎನ್ನುವುದಕ್ಕೆ ಹತ್ತು ವರ್ಷ ಹಳೆಯ ದಾಖಲೆ ಕೇಳುತ್ತಾರೆ. ಪೋಷಕರಲ್ಲಿ ಕೆಲವರು ತಮ್ಮ ಪೂರ್ತಿ ಫೈಲಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಈ ಪರಿಹಾರ ಕಾರ್ಯದ ಹೊಣೆ ಹೊತ್ತ ಕಿರಿಯ ಸಚಿವೆಯಾಗಿ ಬಂದವರು ಸಾಂಡ್ರಾ ಪಾಲ್ಮೆನ್, 2017ರಲ್ಲಿ ಆ ಟಿಪ್ಪಣಿ ಬರೆದವರು.